ರಸ್ತೆಗಿಳಿಯದ ವಾಹನಗಳ ಲೆಕ್ಕ ಇಡುವುದು ಹೇಗೆ?

2018ರ ಫೆಬ್ರವರಿ 11ರಂದು ರಾಜ್ಯ ಸರ್ಕಾರ ಬೆಂಗಳೂರಿನಲ್ಲಿ ‘ವಿರಳ ಸಂಚಾರ ದಿನ’ ಶುರು ಮಾಡಿತು. ತಿಂಗಳ ಎರಡನೇ ಭಾನುವಾರ ಸ್ವಂತ ವಾಹನ ಮನೆಯಲ್ಲೇ ಬಿಡಿ, ಬಸ್ಸು ಮೆಟ್ರೊ ಹತ್ತಿ ಎಂಬುದು ಅದರ ಕರೆ. ಕರೆಯಲ್ಲಿ ತಪ್ಪೇನಿಲ್ಲ. ಆದರೆ ಆರಿಸಿಕೊಂಡದ್ದು ಭಾನುವಾರ. ಆಫೀಸು ಇಲ್ಲ, ಶಾಲೆ ಇಲ್ಲ, ಬೆಳಿಗ್ಗೆ ಹತ್ತರವರೆಗೆ ಊರೇ ಎದ್ದಿರುವುದಿಲ್ಲ. ಅಂಥ ದಿನ ರಸ್ತೆಯಲ್ಲಿ ವಾಹನ ಕಡಿಮೆ ಇತ್ತು, ಗಾಳಿ ಸ್ವಲ್ಪ ತಿಳಿಯಾಗಿತ್ತು ಎಂದು ಯಾರಾದರೂ ಅಂಕಿ ಕೊಟ್ಟರೆ ಅದನ್ನು ಯಾವುದರ ಜೊತೆ ಇಟ್ಟು ನೋಡಬೇಕು? ಹಿಂದಿನ ದಿನದ ಶನಿವಾರದ ಜೊತೆ ಇಟ್ಟರೆ ಭಾರಿ ಇಳಿಕೆ ಕಾಣುತ್ತದೆ. ಹಿಂದಿನ ವಾರದ ಭಾನುವಾರದ ಜೊತೆ ಇಟ್ಟರೆ ಏನೂ ಕಾಣದೆಯೂ ಹೋಗಬಹುದು.

ಅದಕ್ಕೂ ಎಂಟು ವರ್ಷ ಮೊದಲು, 2010ರ ಫೆಬ್ರವರಿ 4ರಂದು, ಬಿಎಂಟಿಸಿ ‘ಬಸ್ ಡೇ’ ಆರಂಭಿಸಿತ್ತು. ಪ್ರತಿ ತಿಂಗಳ 4ನೇ ತಾರೀಖು ಬಸ್ಸಿನಲ್ಲೇ ಓಡಾಡಿ ಎಂದು. ಇಲ್ಲಿ ತಾರೀಖು ಗಟ್ಟಿ, ವಾರ ಬದಲಾಗುತ್ತಿತ್ತು. ಮೊದಲೆರಡು ಬಸ್ ಡೇಗಳು ಗುರುವಾರ ಬಂದವು. ಮೂರನೆಯದು, ಅಂದರೆ ಏಪ್ರಿಲ್ 4, ಭಾನುವಾರ. ಮಾರ್ಚ್ ಮತ್ತು ಏಪ್ರಿಲ್ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟರೆ ಬರುವ ವ್ಯತ್ಯಾಸದಲ್ಲಿ ಬಸ್ಸಿನ ಪಾಲೆಷ್ಟು, ಭಾನುವಾರದ ಪಾಲೆಷ್ಟು ಎಂದು ಬೇರ್ಪಡಿಸಲು ಯಾರಿಂದಲೂ ಆಗದು.

ಹಳೆಯ ಕಾರ್ಯಕ್ರಮಗಳನ್ನು ಕೆದಕುತ್ತಿರುವುದಕ್ಕೆ ಕಾರಣವಿದೆ. ಇವತ್ತು ಔಟರ್ ರಿಂಗ್ ರೋಡಿನ ಟೆಕ್ ಪಾರ್ಕುಗಳಲ್ಲಿ, ವೈಟ್‌ಫೀಲ್ಡ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಥದ್ದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಕಂಪನಿ ಶಟಲ್, ಕಾರ್‌ಪೂಲ್ ಆ್ಯಪ್, ಮೆಟ್ರೊ ಕಾರ್ಡಿಗೆ ಸಬ್ಸಿಡಿ, ನಿಲ್ದಾಣದಿಂದ ಗೇಟಿನವರೆಗೆ ಫೀಡರ್ ಬಸ್ಸು, ವಾರಕ್ಕೆರಡು ದಿನ ಮನೆಯಿಂದ ಕೆಲಸ. ಬುಧವಾರ ವರ್ಕ್ ಫ್ರಮ್ ಹೋಮ್ ಕೊಡಿ ಎಂದು 2025ರಲ್ಲಿ ಟ್ರಾಫಿಕ್ ಪೊಲೀಸರೇ ರಿಂಗ್ ರೋಡಿನ ಕಂಪನಿಗಳಿಗೆ ಸಲಹೆ ಕೊಟ್ಟರು. ವರ್ಷದ ಕೊನೆಗೆ ಇವೆಲ್ಲ ಕಂಪನಿಗಳ ವರದಿಯಲ್ಲಿ ‘ಇಷ್ಟು ಸಾವಿರ ಕಾರುಗಳನ್ನು ರಸ್ತೆಯಿಂದ ಇಳಿಸಿದೆವು, ಇಷ್ಟು ಟನ್ ಇಂಗಾಲ ಉಳಿಸಿದೆವು’ ಎಂಬ ಸಾಲಾಗುತ್ತವೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2022–23ರಿಂದ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಸುಸ್ಥಿರತಾ ವರದಿ ಕಡ್ಡಾಯ ಮಾಡಿದ ಮೇಲೆ ಆ ಸಾಲಿಗೆ ಬೆಲೆಯೂ ಬಂದಿದೆ. ಆದರೆ ಅದರ ಹಿಂದಿನ ಲೆಕ್ಕ ಬಹುಪಾಲು ವಿರಳ ಸಂಚಾರ ದಿನದ ಲೆಕ್ಕದಷ್ಟೇ ಸಡಿಲ. ಪಾಸ್ ಎಷ್ಟು ಹಂಚಿದೆವು, ಆ್ಯಪ್ ಎಷ್ಟು ಜನ ಹಾಕಿಕೊಂಡರು, ಶಟಲ್‌ನಲ್ಲಿ ಎಷ್ಟು ಸೀಟು ತುಂಬಿತು: ಇವನ್ನೆಲ್ಲ ಎಣಿಸುವುದು ಸುಲಭ. ಬರದೇ ಹೋದ ವಾಹನವನ್ನು ಎಣಿಸುವುದು ಕಷ್ಟ. ಬರಲಿಲ್ಲವಾದ್ದರಿಂದಲೇ ಅದು ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ.

ಒಂದು ಶಟಲ್, ಎರಡು ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಯಲಹಂಕದ ಕಡೆಯಿಂದ ಮಾರತಹಳ್ಳಿ ಹತ್ತಿರದ ಕಂಪನಿಗೆ 40 ಸೀಟಿನ ಡೀಸೆಲ್ ಬಸ್ಸು. ಎಲ್ಲ ಸೀಟೂ ತುಂಬಿದೆ. ಲೆಕ್ಕ ಸರಾಗವಾಗಲೆಂದು ಎಲ್ಲರ ಓಡಾಟವೂ ದಿನಕ್ಕೆ ಹೋಗಿ ಬರುವುದು ಸೇರಿ 30 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ವರದಿಯ ಲೆಕ್ಕ ಹೀಗೆ ನಡೆಯುತ್ತದೆ: 40 ಜನ ಅಂದರೆ 40 ಕಾರು. ಟ್ರಾಫಿಕ್‌ನಲ್ಲಿ ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ ಒಂದೊಂದು ಕಾರಿಗೆ ಎರಡೂವರೆ ಲೀಟರ್ ಪೆಟ್ರೋಲು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.31 ಕಿಲೋ ಇಂಗಾಲದ ಡೈಆಕ್ಸೈಡ್. ಒಟ್ಟು ಉಳಿತಾಯ ದಿನಕ್ಕೆ 231 ಕಿಲೋ.

ಈಗ ಆ ಬಸ್ಸು ಹತ್ತಿ ಒಬ್ಬೊಬ್ಬರನ್ನೇ ‘ಇದಕ್ಕೆ ಮುಂಚೆ ಹೇಗೆ ಬರುತ್ತಿದ್ದಿರಿ?’ ಎಂದು ಕೇಳಿ. 20 ಜನ ಬಿಎಂಟಿಸಿಯಲ್ಲೇ ಬರುತ್ತಿದ್ದವರು ಎನ್ನಿ. ಹೆಬ್ಬಾಳದಲ್ಲಿ ಬದಲಾಯಿಸಿ 500ಡಿ ಬಸ್ಸು ಹಿಡಿಯುತ್ತಿದ್ದವರು. 12 ಜನ ಸ್ಕೂಟರ್, ಬೈಕು. ಕಾರು ಬಿಟ್ಟು ಬಂದವರು 8. ಎಂಟು ಕಾರುಗಳಿಂದ ಉಳಿದದ್ದು 46 ಕಿಲೋ. ಲೀಟರಿಗೆ 45 ಕಿಲೋಮೀಟರ್ ಓಡುವ 12 ದ್ವಿಚಕ್ರ ವಾಹನಗಳಿಂದ ಸುಮಾರು 18 ಕಿಲೋ. ಒಟ್ಟು 64. ಇದರಲ್ಲಿ ಬಸ್ಸು ಸುಟ್ಟ ಡೀಸೆಲ್ ಕಳೆಯಬೇಕು. ಬೆಳಿಗ್ಗೆ ಜನರನ್ನು ಇಳಿಸಿ ಖಾಲಿ ವಾಪಸ್, ಸಂಜೆ ಖಾಲಿ ಬಂದು ತುಂಬಿಸಿಕೊಂಡು ವಾಪಸ್. ಹಾಗಾಗಿ ಅದರ ಓಟ 30 ಅಲ್ಲ, 60 ಕಿಲೋಮೀಟರ್. ಲೀಟರಿಗೆ ನಾಲ್ಕರಂತೆ 15 ಲೀಟರ್, ಅಂದರೆ ಸುಮಾರು 40 ಕಿಲೋ ಇಂಗಾಲದ ಡೈಆಕ್ಸೈಡ್. ಕೈಗೆ ಉಳಿದದ್ದು 24 ಕಿಲೋ. ವರದಿಯ 231 ಎಲ್ಲಿ, ಈ 24 ಎಲ್ಲಿ!

ಅಂಕಿಗಳು ನಾನು ಇಟ್ಟುಕೊಂಡವು, ನಿಮ್ಮ ಕಂಪನಿಯಲ್ಲಿ ಬೇರೆಯಿರಬಹುದು. ಆದರೆ ಲೆಕ್ಕದ ಅಡಿಪಾಯ ಬದಲಾಗುವುದಿಲ್ಲ. ‘ಈಗ ಹೇಗೆ ಬರುತ್ತೀರಿ’ ಎಂಬ ಪ್ರಶ್ನೆಯ ಉತ್ತರದಿಂದ ಉಳಿತಾಯ ತಿಳಿಯದು. ‘ಈ ಸೌಲಭ್ಯ ಇಲ್ಲದಿದ್ದರೆ ಹೇಗೆ ಬರುತ್ತಿದ್ದಿರಿ’ ಎಂದು ಕೇಳಬೇಕು. ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಅಮೆರಿಕದ ಊರೊಂದರಲ್ಲಿ ಶಟಲ್ ಹತ್ತಿದವನು ಕಾರು ಬಿಟ್ಟೇ ಬಂದಿರುತ್ತಾನೆ ಎಂದು ಧೈರ್ಯವಾಗಿ ಊಹಿಸಬಹುದು. ಇಲ್ಲಿ ಅವನು ಬಸ್ಸು, ಬೈಕು, ಶೇರ್ ಆಟೊ, ಪಿಜಿಯಿಂದ ನಡಿಗೆ, ಯಾವುದನ್ನಾದರೂ ಬಿಟ್ಟಿರಬಹುದು. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅದರಲ್ಲಿ ಬಹುಪಾಲು ದ್ವಿಚಕ್ರ.

ದಟ್ಟಣೆಯ ಲೆಕ್ಕವೇ ಬೇರೆ. ಅಲ್ಲಿ ಎಂಜಿನಿಯರುಗಳು ಪಿಸಿಯು ಎಂಬ ಮಾನ ಬಳಸುತ್ತಾರೆ. ಒಂದು ಕಾರು ಹಿಡಿಯುವ ಜಾಗ 1 ಎಂದರೆ ದ್ವಿಚಕ್ರಕ್ಕೆ ಸುಮಾರು ಅರ್ಧ, ಬಸ್ಸಿಗೆ ಸುಮಾರು 3. ನಮ್ಮ ಶಟಲ್ 8 ಕಾರು, 12 ಬೈಕು ತೆಗೆಯಿತು, ಅಂದರೆ 14. ತಾನು ಹಿಡಿದ ಜಾಗ 3. ನಿವ್ವಳ 11. ಖಾಲಿ ವಾಪಸ್ ಹೋಗುವಾಗ ಎದುರು ದಿಕ್ಕಿನಲ್ಲಿ ಮತ್ತೆ 3 ಸೇರಿಸುತ್ತದೆ, ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇನ್ನು ಗಾಳಿಯ ವಿಷಯಕ್ಕೆ ಬಂದರೆ, ಆ ಬಸ್ಸು 2020ಕ್ಕೆ ಮೊದಲಿನದಾಗಿದ್ದರೆ, ಅಂದರೆ ಹೊಗೆ ನಿಯಂತ್ರಣದ ಹೊಸ ಮಾನದಂಡವಾದ ಬಿಎಸ್–6ರದ್ದು ಅಲ್ಲದಿದ್ದರೆ, ಅದರ ಹೊಗೆಯಲ್ಲಿನ ಮಸಿ ಮತ್ತು ನೈಟ್ರೋಜನ್ ಆಕ್ಸೈಡ್ ಆ 12 ಸ್ಕೂಟರುಗಳದ್ದನ್ನು ಮೀರಬಹುದು. ಒಂದೇ ಬಸ್ಸು ದಟ್ಟಣೆಗೆ ಒಳ್ಳೆಯದು, ಇಂಗಾಲಕ್ಕೆ ಪರವಾಗಿಲ್ಲ, ಹೊಗೆಗೆ ಕೆಟ್ಟದ್ದು. ಮೂರನ್ನೂ ‘ಹಸಿರು ಪ್ರಯಾಣ’ ಎಂಬ ಒಂದೇ ಹೆಸರಿನಡಿ ಹಾಕುವುದು ಓದುಗರ ಕಣ್ಣಿಗೆ ಮಣ್ಣೆರಚುವ ಕೆಲಸ.

ಹದಿನೇಳು ವರ್ಷದ ಹಿಂದೆಯೇ ನಡೆದ ಪ್ರಯೋಗ

ಸರಿಯಾಗಿ ಅಳೆದವರೇ ಇಲ್ಲವೇ ಎಂದರೆ, ಇದ್ದಾರೆ. ಅದೂ ಇದೇ ಊರಿನಲ್ಲಿ. 2008ರ ಅಕ್ಟೋಬರ್ 6ರಿಂದ 2009ರ ಏಪ್ರಿಲ್ 10ರವರೆಗೆ ಇನ್ಫೊಸಿಸ್‌ನ ಎಲೆಕ್ಟ್ರಾನಿಕ್ ಸಿಟಿ ಕ್ಯಾಂಪಸ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ‘ಇನ್‌ಸ್ಟಂಟ್’ ಎಂದು ಹೆಸರು. ಸುಮಾರು 14,000 ಉದ್ಯೋಗಿಗಳು. ಯಾರಿಗೂ ದಂಡವಿಲ್ಲ, ಕಡ್ಡಾಯವಿಲ್ಲ. ಪೀಕ್ ಅವರ್‌ಗಿಂತ ಮೊದಲೇ ಬಂದರೆ ಖಾತೆಗೆ ಅಂಕ. ಅಂಕ ಇದ್ದವರಿಗೆ ವಾರಕ್ಕೊಮ್ಮೆ ಲಾಟರಿಯಂತೆ ನಗದು ಬಹುಮಾನ. ಎಲ್ಲರಿಗೂ ಹತ್ತು ಹತ್ತು ರೂಪಾಯಿ ಹಂಚುವುದಕ್ಕಿಂತ ಕೆಲವರಿಗೆ ಸಾವಿರಗಳಲ್ಲಿ ಕೊಟ್ಟರೆ ಜನ ಹೆಚ್ಚು ಕದಲುತ್ತಾರೆ ಎಂಬ ಅವರ ಎಣಿಕೆ ಸುಳ್ಳಾಗಲಿಲ್ಲ. ಬೇಗ ಬರುವವರ ಸಂಖ್ಯೆ ದುಪ್ಪಟ್ಟಾಯಿತು. ಬಸ್ಸಿನಲ್ಲಿ ಬರುವವರ ಬೆಳಗಿನ ಸರಾಸರಿ ಪ್ರಯಾಣ 71 ನಿಮಿಷದಿಂದ 54ಕ್ಕೆ ಇಳಿಯಿತು.

ಈ ಪ್ರಯೋಗದ ಬಗ್ಗೆ ನನಗೆ ಇಷ್ಟವಾಗುವುದು ಲಾಟರಿಗಿಂತ ಅಳತೆ. ಪ್ರಯೋಗಕ್ಕೆ ಮುಂಚಿನ ಸ್ಥಿತಿಯ ಅಳತೆ, ಅಂದರೆ ಬೇಸ್‌ಲೈನ್, ಮೊದಲೇ ಇತ್ತು. ‘ನೀವು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಬರುತ್ತೀರಿ’ ಎಂದು ಫಾರ್ಮ್ ತುಂಬಿಸುವುದು ಬಿಟ್ಟು ಬಂದ ಹೊತ್ತನ್ನೇ ದಾಖಲಿಸಿದರು. ಫಾರ್ಮಿನಲ್ಲಿ ನಾವೆಲ್ಲ ಸಜ್ಜನರೇ: ವಾರಕ್ಕೆ ಮೂರು ದಿನ ಮೆಟ್ರೊ ಎಂದು ಬರೆದವರು ಮಳೆ ಬಂದ ವಾರ ಕ್ಯಾಬ್ ಬುಕ್ ಮಾಡಿದ್ದನ್ನು ಮರೆತಿರುತ್ತಾರೆ. ಗೇಟಿನ ಯಂತ್ರ ಮರೆಯುವುದಿಲ್ಲ.

ಕೊರತೆಯೂ ಇತ್ತು. ಪ್ರಯೋಗ ವಾಹನಗಳನ್ನು ಕಡಿಮೆ ಮಾಡಲಿಲ್ಲ, ಹೊತ್ತು ಬದಲಾಯಿಸಿತು. ಹೊಗೆ ಉಳಿದದ್ದು ಜಾಮ್‌ನಲ್ಲಿ ಎಂಜಿನ್ ಉರಿಯುವುದು ತಪ್ಪಿದಷ್ಟು ಮಾತ್ರ. ಅದು ನಡೆದದ್ದು ಒಂದು ಕಂಪನಿಯಲ್ಲಿ, ಆರು ತಿಂಗಳು. ಅದು ಮುಗಿದು ವರ್ಷವಾಗುವಷ್ಟರಲ್ಲಿ, 2010ರ ಜನವರಿಯಲ್ಲಿ, ಹೊಸೂರು ರಸ್ತೆಯ ಎಲಿವೇಟೆಡ್ ಎಕ್ಸ್‌ಪ್ರೆಸ್‌ವೇ ತೆರೆಯಿತು. ಆಮೇಲೆ ಅದೇ ಪ್ರಯೋಗ ಮುಂದುವರಿದಿದ್ದರೂ ಯಾವುದರ ಫಲ ಎಷ್ಟು ಎಂದು ಹೇಳುವುದು ಕಷ್ಟವಾಗುತ್ತಿತ್ತು. ಪ್ರಭಾಕರ್ ಅದನ್ನು ಮುಂದೆ ಸಿಂಗಪುರಕ್ಕೂ ಸ್ಟ್ಯಾನ್‌ಫರ್ಡ್‌ಗೂ ಒಯ್ದರು. ಪ್ರಯೋಗ ಹುಟ್ಟಿದ ಊರಿನಲ್ಲಿ ಅದರ ಹೆಸರು ಕೇಳಿದವರು ಈಗ ಎಷ್ಟು ಮಂದಿ ಇದ್ದಾರೋ.

ಎರಡನೆಯದು ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಕ್ರೈಂಡ್ಲರ್ ಬೆಂಗಳೂರಿನಲ್ಲಿ ಮಾಡಿದ ಅಧ್ಯಯನ. ಕಾರು ಮತ್ತು ಬೈಕಿನಲ್ಲಿ ಓಡಾಡುವವರ ಮೊಬೈಲಿಗೆ ಆ್ಯಪ್ ಹಾಕಿ, ಜಿಪಿಎಸ್‌ನಿಂದ ಅವರ ಓಡಾಟ ದಾಖಲಿಸಿ, ಪೀಕ್ ಹೊತ್ತಿನಲ್ಲಿ ಹೊರಟರೆ ಖಾತೆಯಿಂದ ಹಣ ಕಡಿತವಾಗುವಂತೆ ಏರ್ಪಾಡು ಮಾಡಿದರು. ಯಾರಿಗೆ ಕಡಿತ, ಯಾರಿಗಿಲ್ಲ ಎಂಬುದು ಲಾಟರಿ ಎತ್ತಿದಂತೆ ನಿರ್ಧಾರವಾಗಿದ್ದರಿಂದ ಹೋಲಿಕೆ ಗಟ್ಟಿ. ಬೆಂಗಳೂರಿನ ರಸ್ತೆಗಳಲ್ಲಿ ವಾಹನ ಹೆಚ್ಚಿದಂತೆ ವಿಳಂಬವೂ ಹೆಚ್ಚುಕಡಿಮೆ ಸರಳರೇಖೆಯಲ್ಲೇ ಏರುತ್ತದೆ, ಒಂದು ಹಂತ ದಾಟಿದ ಮೇಲೆ ಇದ್ದಕ್ಕಿದ್ದಂತೆ ಕೈ ಮೀರುವುದಿಲ್ಲ ಎಂಬುದು ಅವರಿಗೆ ಕಂಡ ಸಂಗತಿ. ಇದು ನಮ್ಮ ಕಟ್ಟೆ ಮಾತಿಗೆ ವಿರುದ್ಧ. ‘ನೂರರಲ್ಲಿ ಐದು ವಾಹನ ಕಡಿಮೆಯಾದರೆ ಸಾಕು, ಜಾಮ್ ಮಾಯ’ ಎಂದು ನಾವು ಹೇಳಿಕೊಳ್ಳುತ್ತೇವೆ. ಕ್ರೈಂಡ್ಲರ್ ಹೇಳುವಂತಾದರೆ ಐದು ಕಡಿಮೆಯಾದರೆ ಅದಕ್ಕೆ ತಕ್ಕಷ್ಟೇ ವಿಳಂಬ ಕಡಿಮೆ, ಪವಾಡ ಏನಿಲ್ಲ. ಹೊತ್ತು ಬದಲಾಯಿಸುವ ಯೋಜನೆಗಳಿಂದ ಅತಿ ನಿರೀಕ್ಷೆ ಬೇಡ ಎಂದು ಇದರ ತಾತ್ಪರ್ಯ. ಬುಧವಾರದ ವರ್ಕ್ ಫ್ರಮ್ ಹೋಮ್‌ಗೂ ಈ ಮಾತು ಸಲ್ಲುತ್ತದೆ. ಬುಧವಾರ ಮನೆಯಲ್ಲಿದ್ದವರು ಗುರುವಾರ ಬಂದರೆ ಬುಧವಾರದ ಅಂಕಿ ಚೆನ್ನಾಗಿ ಕಾಣುತ್ತದೆ, ಗುರುವಾರದ್ದನ್ನು ಯಾರೂ ಕೇಳುವುದಿಲ್ಲ. ಅಳೆಯುವುದಿದ್ದರೆ ಇಡೀ ವಾರ ಅಳೆಯಬೇಕು.

ಗೇಟಿನಲ್ಲಿ ನಿಂತು ಎಣಿಸುವುದು

ಅಮೆರಿಕದ ಕೆಲವು ರಾಜ್ಯಗಳಿಗೆ ಈ ವಿದ್ಯೆಯಲ್ಲಿ ಹಳೆಯ ಅನುಭವವಿದೆ. ದಕ್ಷಿಣ ಕ್ಯಾಲಿಫೋರ್ನಿಯಾದ ವಾಯು ಗುಣಮಟ್ಟ ಮಂಡಳಿ 1980ರ ದಶಕದ ಕೊನೆಯಲ್ಲೇ 100ಕ್ಕೂ ಹೆಚ್ಚು ನೌಕರರಿರುವ ಕಡೆಗಳಿಗೆ ಒಂದು ನಿಯಮ ತಂದಿತು: ಬೆಳಿಗ್ಗೆ 6ರಿಂದ 10ರೊಳಗೆ ಬಂದ ನೌಕರರ ಸಂಖ್ಯೆಯನ್ನು ಅವರು ಬಂದ ವಾಹನಗಳ ಸಂಖ್ಯೆಯಿಂದ ಭಾಗಿಸಿ, ಆ ಭಾಗಲಬ್ಧ ಏರಬೇಕು. ವಾಷಿಂಗ್ಟನ್ ರಾಜ್ಯ 1991ರಲ್ಲಿ ಕಾನೂನೇ ಮಾಡಿತು. ಅಲ್ಲಿ ಎರಡು ವರ್ಷಕ್ಕೊಮ್ಮೆ ಸಮೀಕ್ಷೆ. ಎಷ್ಟು ಪಾಸ್ ಹಂಚಿದಿರಿ ಎಂದು ಯಾರೂ ಕೇಳುವುದಿಲ್ಲ. ಒಬ್ಬೊಬ್ಬರೇ ಕಾರಿನಲ್ಲಿ ಬರುವವರ ಪ್ರಮಾಣ ಎಷ್ಟು, ತಲಾ ಎಷ್ಟು ಮೈಲಿ ವಾಹನ ಓಡಿತು ಎಂದು ಕೇಳುತ್ತಾರೆ.

ಇದನ್ನು ಇಲ್ಲಿಗೆ ತಂದರೆ ಹಾಗೇ ಕೂರುವುದಿಲ್ಲ. ಯಾವುದಾದರೂ ದೊಡ್ಡ ಟೆಕ್ ಪಾರ್ಕಿನ ಗೇಟಿನ ಬಳಿ ಬೆಳಿಗ್ಗೆ ಒಂಬತ್ತೂವರೆಗೆ ಅರ್ಧ ಗಂಟೆ ನಿಂತು ನೋಡಿ. ಸ್ಟಿಕರ್ ಇರುವ ಕಾರು ನೇರ ಬೇಸ್‌ಮೆಂಟಿಗೆ. ಅದರ ಲೆಕ್ಕ ಸುಲಭ. ಅದರ ಹಿಂದೆಯೇ ಕ್ಯಾಬು. ಒಬ್ಬರನ್ನು ಇಳಿಸಿ ಖಾಲಿ ಹೊರಡುತ್ತದೆ, ಮುಂದಿನ ಬಾಡಿಗೆಗೆ ಎಲ್ಲಿಗೋ ಖಾಲಿಯೇ ಓಡುತ್ತದೆ. ಪಾರ್ಕಿಂಗ್ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ, ರಸ್ತೆಯ ಮೇಲೆ ಮಾತ್ರ ಸ್ವಂತ ಕಾರಿಗಿಂತ ಹೆಚ್ಚು ಓಡಿದೆ. ಸರ್ವಿಸ್ ರೋಡಿನ ಮೋರಿ ಚಪ್ಪಡಿ ಮೇಲೆ ಸಾಲಾಗಿ ನಿಂತ ಬೈಕುಗಳು: ಒಳಗೆ ಜಾಗ ಸಿಗದವರದ್ದು, ಅಥವಾ ಒಳಗೆ ಬಿಡುವ ಪಾಸ್ ಇಲ್ಲದವರದ್ದು. ಕಾರ್‌ಪೂಲ್‌ಗೆ ಮೀಸಲಿಟ್ಟ ಜಾಗ ಸಿಗಲೆಂದು ಕೊನೆಯ ಸಿಗ್ನಲ್‌ನಲ್ಲಿ ಸಹೋದ್ಯೋಗಿಯನ್ನು ಹತ್ತಿಸಿಕೊಂಡು ಬರುವ ಜಾಣರೂ ಇಲ್ಲದಿಲ್ಲ. ಸೆಕ್ಯುರಿಟಿಯವರ ರಿಜಿಸ್ಟರಿನಲ್ಲಿ ವಾಹನ ಸಂಖ್ಯೆ ಇರುತ್ತದೆ, ಒಳಗೆ ಎಷ್ಟು ಜನರಿದ್ದರು ಎಂಬ ಕಾಲಂ ಇರುವುದಿಲ್ಲ.

ಗೇಟಿನ ಪಕ್ಕದ ಚಿಕ್ಕ ಬಾಗಿಲಿನಿಂದ ಒಳಗೆ ಹೋಗುವವರನ್ನೂ ನೋಡಬೇಕು. ಹೌಸ್‌ಕೀಪಿಂಗ್‌ನವರು, ಕ್ಯಾಂಟೀನಿನವರು, ಸೆಕ್ಯುರಿಟಿ ಪಾಳಿ ಬದಲಾಯಿಸುವವರು. ಕಂಪನಿಯ ಇಮೇಲ್ ಇಲ್ಲದ ಕಾರಣ ಯಾವ ಪ್ರಯಾಣ ಸಮೀಕ್ಷೆಯೂ ಇವರನ್ನು ತಲುಪುವುದಿಲ್ಲ. ಇವರಲ್ಲಿ ಹೆಚ್ಚಿನವರು ಮೊದಲಿನಿಂದಲೂ ಬಸ್ಸಿನಲ್ಲೋ ನಡೆದೋ ಬರುವವರು. ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಮಿಕರೂ ಹಾಗೆಯೇ. ಕಾರು ಬಿಡಿಸುವ ಕಾರ್ಯಕ್ರಮಗಳ ಲೆಕ್ಕದಲ್ಲಿ ಇವರ ಕೊಡುಗೆ ಸೊನ್ನೆ, ಏಕೆಂದರೆ ಇವರು ಬಿಡಲು ಏನೂ ಇರಲಿಲ್ಲ. ಆದರೆ ಇವರು ನಾಳೆ ಕಂತಿನಲ್ಲಿ ಸ್ಕೂಟರ್ ಕೊಂಡರೆ ರಿಂಗ್ ರೋಡಿನ ಗತಿ ಏನು? 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯ ದೊಡ್ಡ ಫಲ ಬಹುಶಃ ಇಲ್ಲಿದೆ: ಕೊಳ್ಳದೇ ಉಳಿದ ಮೊದಲ ಸ್ಕೂಟರ್. ಅದನ್ನು ಅಳೆಯಲು ಮನೆ ಮನೆ ಸಮೀಕ್ಷೆ ಬೇಕು, ಉಚಿತ ಟಿಕೆಟ್ ಎಷ್ಟು ಹರಿದೆವು ಎಂಬ ಅಂಕಿ ಸಾಲದು. ಚರ್ಚೆಯೆಲ್ಲ ಟಿಕೆಟ್ ಸಂಖ್ಯೆ ಮತ್ತು ಖಜಾನೆಯ ಸುತ್ತಲೇ ನಡೆಯಿತು.

ಇದರ ತಿರುವುಮುರುವು 2025ರ ಫೆಬ್ರವರಿಯಲ್ಲಿ ನಡೆಯಿತು. ನಮ್ಮ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು, ಪ್ರಯಾಣಿಕರ ಸಂಖ್ಯೆ ಇಳಿಯಿತು. ಗೇಟುಗಳ ದಾಖಲೆಯಿಂದ ಎಷ್ಟು ಜನ ರೈಲು ಬಿಟ್ಟರೆಂದು ಗೊತ್ತಾಯಿತು. ಅವರು ಏನು ಹತ್ತಿದರು ಎಂಬುದನ್ನು ಯಾವ ಗೇಟೂ ಹೇಳುವುದಿಲ್ಲ. ಬಿಎಂಟಿಸಿಗೆ ಹೋದರೆ ಗಾಳಿಗೆ ಹೆಚ್ಚೇನೂ ನಷ್ಟವಿಲ್ಲ. ಬೈಕ್ ತೆಗೆದರೆ ಇದೆ. ದರ ಏರಿಕೆಯ ಲಾಭ ನಷ್ಟ ಚರ್ಚಿಸುವಾಗ ಮೇಜಿನ ಮೇಲೆ ಇರಬೇಕಿದ್ದ ಮುಖ್ಯ ಅಂಕಿಯೇ ಅದು.

ಗಾಳಿ ಯಾರ ಮಾತು ಕೇಳುತ್ತದೆ?

ಕಂಪನಿಯೊಂದು ಕಾರ್‌ಪೂಲ್ ಶುರು ಮಾಡಿ ಆರು ತಿಂಗಳ ಮೇಲೆ ಸಿಲ್ಕ್ ಬೋರ್ಡ್ ಮಾಪನ ಕೇಂದ್ರದ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳ ಅಂಕಿ ನೋಡಿದರೆ ಏನು ಸಿಗುತ್ತದೆ? ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಆ ಯಂತ್ರ ಉಸಿರಾಡುವ ಗಾಳಿಯಲ್ಲಿ ಹೊಸೂರು ಕಡೆಯ ಲಾರಿಯ ಹೊಗೆ ಇದೆ, ಮೆಟ್ರೊ ಕಾಮಗಾರಿಯ ದೂಳು ಇದೆ, ರಸ್ತೆಬದಿ ಸುಟ್ಟ ಕಸ ಇದೆ, ಕರೆಂಟ್ ಹೋದಾಗ ಓಡಿದ ಜನರೇಟರ್ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಹವಾಮಾನ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಪಡುಗಾಳಿ ನಗರವನ್ನು ತೊಳೆದು ಹಾಕುತ್ತವೆ. ಡಿಸೆಂಬರ್, ಜನವರಿಯಲ್ಲಿ ತಂಪು ಗಾಳಿ ನೆಲಕ್ಕಂಟಿ ಕುಳಿತು ಹೊಗೆ ಮೇಲೇಳದು. ಜನವರಿಯಲ್ಲಿ ಕಾರ್ಯಕ್ರಮ ಶುರು ಮಾಡಿ ಜುಲೈಯಲ್ಲಿ ಅಳೆದರೆ ಏನೂ ಮಾಡದೆಯೇ ಗೆದ್ದಿರುತ್ತೀರಿ.

ಪಾಲಿನ ಲೆಕ್ಕವೂ ನೆನಪಿರಬೇಕು. 2010ರಲ್ಲಿ ಇಂಧನ, ಪರಿಸರ ಸಂಶೋಧನೆಯ ಟೆರಿ ಸಂಸ್ಥೆ ಬೆಂಗಳೂರಿನ ಪಿಎಂ 10ರ (ತುಸು ದಪ್ಪ ಕಣಗಳೂ ಸೇರಿದ ದೂಳು) ಮೂಲಗಳನ್ನು ಲೆಕ್ಕ ಹಾಕಿದಾಗ ಸಾರಿಗೆಯ ಪಾಲು ಸುಮಾರು 42%, ರಸ್ತೆಯಿಂದ ಏಳುವ ದೂಳು 20%, ಉಳಿದದ್ದು ನಿರ್ಮಾಣ, ಕೈಗಾರಿಕೆ, ಜನರೇಟರ್ ಇತ್ಯಾದಿ. ಆ 42ರಲ್ಲಿ ಲಾರಿ, ಟೆಂಪೊ, ಬಸ್ಸು, ಆಟೊ ಎಲ್ಲ ಸೇರಿವೆ. ಆಫೀಸಿಗೆ ಹೋಗುವ ಕಾರು ಬೈಕು ಅದರ ಒಂದು ತುಣುಕು, ಒಂದು ಕಂಪನಿಯವರದ್ದು ತುಣುಕಿನ ತುಣುಕು. ಲೆಕ್ಕ ಹಳೆಯದು, ಇಂಧನ ಎಂಜಿನ್ ಎರಡೂ ಬದಲಾಗಿವೆ, ಆದರೂ ವಾದದ ದಿಕ್ಕು ಅದೇ.

ಇನ್ನೊಂದು ತೊಡಕು ನಾವೆಲ್ಲ ಮೊಬೈಲಿನಲ್ಲಿ ನೋಡುವ ಎಕ್ಯೂಐ, ಅಂದರೆ ವಾಯು ಗುಣಮಟ್ಟ ಸೂಚ್ಯಂಕದ ಅಂಕಿಯೊಳಗೇ ಇದೆ. ನಮ್ಮ ದೇಶದ ಎಕ್ಯೂಐ ಸರಾಸರಿಯಲ್ಲ. ಅಳೆದ ಮಾಲಿನ್ಯಕಾರಕಗಳಲ್ಲಿ ಯಾವುದು ಅತಿ ಕೆಟ್ಟದ್ದೋ ಅದರ ಅಂಕಿಯೇ ಆ ದಿನದ ಎಕ್ಯೂಐ. ಆ ದಿನ ಮುಂದಿರುವುದು ಪಿಎಂ 10 ಆಗಿದ್ದರೆ, ವಾಹನಗಳ ಹೊಗೆಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಅರ್ಧಕ್ಕಿಳಿದರೂ ಎಕ್ಯೂಐ ಒಂದಂಕಿಯೂ ಕದಲದು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವೂ ನಗರಗಳ ಸಾಧನೆಯನ್ನು ಮುಖ್ಯವಾಗಿ ಪಿಎಂ 10ರಿಂದಲೇ ಅಳೆಯುತ್ತದೆ. ಹಾಗಾಗಿ ಅದರ ಹಣದ ಬಹುಪಾಲು ಹೋದದ್ದು ರಸ್ತೆ ಗುಡಿಸುವ ಯಂತ್ರದಂಥ ದೂಳಿನ ಕೆಲಸಗಳಿಗೆ. ಯಾವುದನ್ನು ಅಳೆಯುತ್ತೇವೋ ಹಣ ಅದರ ಹಿಂದೆ ಹೋಗುತ್ತದೆ, ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗಾದರೆ ಗಾಳಿಯನ್ನು ಅಳೆಯುವುದೇ ಬೇಡವೇ? ಬೇಕು, ಆದರೆ ಸರಿಯಾದ ಕಡೆ, ಸರಿಯಾದದ್ದನ್ನು. ವಾಹನ ದಟ್ಟಣೆಯ ಗುರುತು ಹಿಡಿಯಲು ನೈಟ್ರೋಜನ್ ಡೈಆಕ್ಸೈಡ್ ಮತ್ತು ಕಪ್ಪು ಮಸಿ ಪಿಎಂಗಿಂತ ಒಳ್ಳೆಯ ಸಾಕ್ಷಿಗಳು. 2020ರ ಲಾಕ್‌ಡೌನ್‌ನಲ್ಲಿ ವಾಹನ ನಿಂತಾಗ ನೈಟ್ರೋಜನ್ ಡೈಆಕ್ಸೈಡ್ ಕಣ್ಣಿಗೆ ಕಾಣುವಷ್ಟು ಕುಸಿಯಿತು. ರಸ್ತೆಯ ಅಂಚಿನಲ್ಲೊಂದು, ಅದೇ ಬಡಾವಣೆಯ ಒಳರಸ್ತೆಯಲ್ಲೊಂದು ಯಂತ್ರ ಇಟ್ಟು ಎರಡರ ಅಂತರ ನೋಡಿದರೆ ಮಳೆ, ಚಳಿ, ಪಡುಗಾಳಿ ಎರಡೂ ಕಡೆ ಒಂದೇ ಆದ್ದರಿಂದ ಲೆಕ್ಕದಿಂದ ಬಿದ್ದುಹೋಗುತ್ತವೆ. ಉಳಿದದ್ದು ರಸ್ತೆಯ ಕೊಡುಗೆ. ಅದೂ ಇಡೀ ಕಾರಿಡಾರ್ ಮಟ್ಟದ ಬದಲಾವಣೆಗೆ ಮಾತ್ರ. ಒಂದೊಂದು ಕಂಪನಿಯ ಕಾರ್ಯಕ್ರಮಕ್ಕೆ ಗೇಟಿನ ಎಣಿಕೆ ಮತ್ತು ಕಿಲೋಮೀಟರ್ ಲೆಕ್ಕವೇ ಸಾಕು, ಅದಕ್ಕಿಂತ ಹೆಚ್ಚು ಹೇಳಿಕೊಂಡರೆ ನಂಬಬೇಡಿ.

ವೇಗ ನೋಡಿ ತೀರ್ಮಾನಿಸುವವರಿಗೆ ಇನ್ನೊಂದು ಮಾತು. ಒಂದು ಕಾರು ರಸ್ತೆಯಿಂದ ಇಳಿದರೆ ಆ ಜಾಗ ಖಾಲಿ ಬಿದ್ದಿರುವುದಿಲ್ಲ. ಜಾಮ್‌ಗೆ ಹೆದರಿ ಬಸ್ಸಿನಲ್ಲಿ ಹೋಗುತ್ತಿದ್ದವರು, ಹೊತ್ತು ತಪ್ಪಿಸಿ ಹೊರಡುತ್ತಿದ್ದವರು ಮೆಲ್ಲಗೆ ಬಂದು ತುಂಬುತ್ತಾರೆ. ಡ್ಯುರಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಅಂಕಿಗಳಿಂದ ತೋರಿಸಿದಂತೆ ರಸ್ತೆ ಎಷ್ಟು ಹೆಚ್ಚಿತೋ ವಾಹನ ಓಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚಿತು. ಸಾರ್ವಜನಿಕ ಸಾರಿಗೆ ಹೆಚ್ಚಿಸಿದ್ದರಿಂದ ಓಟ ಇಳಿದ ಪುರಾವೆ ಸಿಗಲಿಲ್ಲ. ಇದನ್ನು ಓದಿ ‘ಹಾಗಾದರೆ ಮೆಟ್ರೊ ದಂಡ’ ಎನ್ನುವವರಿದ್ದಾರೆ. ಅದು ದುಡುಕು. ಜಾಮ್ ಹಾಗೇ ಇದ್ದರೂ ಅದೇ ರಸ್ತೆಯ ಅಗಲದಲ್ಲಿ ಗಂಟೆಗೆ ಮೊದಲಿಗಿಂತ ಹೆಚ್ಚು ಜನ ಕೆಲಸಕ್ಕೆ ತಲುಪಿದರೆ ಅದು ಲಾಭವೇ. ಆದ್ದರಿಂದ ಮಾರತಹಳ್ಳಿ ಸೇತುವೆಯ ಬಳಿ ಎಣಿಸಬೇಕಾದದ್ದು ವಾಹನವನ್ನಲ್ಲ, ತಲೆಗಳನ್ನು. 2019ರ ಕೊನೆಗೆ ರಿಂಗ್ ರೋಡಿನಲ್ಲಿ ಬಂದ ಬಸ್ ಪಥವನ್ನು ಹಾಗೆ ಅಳೆದಿದ್ದರೆ ಮೆಟ್ರೊ ಕಾಮಗಾರಿ ಹೊತ್ತಿಗೆ ಅದು ಅಷ್ಟು ಸುಲಭವಾಗಿ ಮಾಯವಾಗುತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

ಹಳದಿಯಿಂದ ಕಲಿತು ನೀಲಿಗೆ

2025ರ ಆಗಸ್ಟ್ 10ರಂದು ಮೆಟ್ರೊದ ಹಳದಿ ಮಾರ್ಗ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್, 16 ನಿಲ್ದಾಣ, ಆರಂಭದಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಮರುದಿನವೇ ನಮ್ಮ ಮೆಟ್ರೊದ ಒಟ್ಟು ಪ್ರಯಾಣಿಕರು 10 ಲಕ್ಷ ದಾಟಿದರು. ವಾರ ಕಳೆಯುವ ಮೊದಲೇ ಹೊಸೂರು ರಸ್ತೆಯಲ್ಲಿ ದಟ್ಟಣೆ ಇಳಿದಿದೆ ಎಂಬ ಸುದ್ದಿಯೂ ಬಂತು. ಇಳಿದಿರಲೂಬಹುದು. ಆದರೆ ಕ್ಯಾಲೆಂಡರ್ ನೋಡಿ: ಆಗಸ್ಟ್ 8 ವರಮಹಾಲಕ್ಷ್ಮಿ ಹಬ್ಬ, 15 ಶುಕ್ರವಾರ ಸ್ವಾತಂತ್ರ್ಯ ದಿನ, ಮುಂದೆ ಶನಿವಾರ ಭಾನುವಾರ, 27ಕ್ಕೆ ಗಣೇಶ. ಊರಿಗೆ ಹೊರಟವರು, ರಜೆ ಹಾಕಿದವರು, ಕುತೂಹಲಕ್ಕೆ ರೈಲು ಹತ್ತಿದವರು ಎಲ್ಲ ಕಲಸಿಹೋದ ವಾರಗಳು ಅವು. ಅದೇ ವರ್ಷ ಜೂನ್ 16ರಿಂದ ಬೈಕ್ ಟ್ಯಾಕ್ಸಿ ನಿಂತಾಗಲೂ ಇಂಥದ್ದೇ ಆಯಿತು. ಟ್ರಾಫಿಕ್ ಹೆಚ್ಚಲು ಅದೇ ಕಾರಣ ಎಂದು ಒಂದು ಪಕ್ಷ ವಾದಿಸಿತು. ಜೂನ್ ಅಂದರೆ ಶಾಲೆ ತೆರೆದ ತಿಂಗಳು, ಮಳೆ ಹಿಡಿದ ತಿಂಗಳು. ಯಾವುದನ್ನು ಯಾವುದರಿಂದ ಬಿಡಿಸುವುದು?

ನೀಲಿ ಮಾರ್ಗದಲ್ಲಿ ಹೀಗಾಗಬೇಕಿಲ್ಲ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರಕ್ಕೆ ರಿಂಗ್ ರೋಡಿನ ಉದ್ದಕ್ಕೂ ಕೆಲಸ ನಡೆಯುತ್ತಿದೆ. ರೈಲು ಓಡಿದ ಮೇಲೆ ಮೊದಲಿನ ಸ್ಥಿತಿಯನ್ನು ಅಳೆಯಲು ಯಾರಿಂದಲೂ ಆಗುವುದಿಲ್ಲ, ಅದನ್ನು ಈಗಲೇ ಹಿಡಿದಿಡಬೇಕು. ಬೇಕಾದ್ದು ಹೆಚ್ಚೇನೂ ಅಲ್ಲ. ದೊಡ್ಡ ಟೆಕ್ ಪಾರ್ಕುಗಳ ಗೇಟಿನಲ್ಲಿ, ಶಾಲೆ ಇರುವ, ಹಬ್ಬವಿಲ್ಲದ ವಾರದ ಐದೂ ದಿನ, ಮುಂಚೆ ತಿಳಿಸದೆ, ವಾಹನ ಮತ್ತು ತಲೆ ಎರಡರ ಎಣಿಕೆ. ಕ್ಯಾಬು, ಹೊರಗೆ ನಿಂತ ಬೈಕು, ಚಿಕ್ಕ ಬಾಗಿಲಿನವರು ಸೇರಿ. ಕಂಪನಿಗಳ ಸ್ವೈಪ್ ದಾಖಲೆಯಿಂದ, ಹೆಸರು ತೆಗೆದು, ಗಂಟೆವಾರು ಹಾಜರಾತಿ. ಬೇಸ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಎಷ್ಟು ಜಾಗ ತುಂಬಿದೆ ಎಂಬ ದಿನದ ಅಂಕಿ. ಈ ಕೊನೆಯದು ಪ್ರತಿ ಪಾರ್ಕಿನ ಮ್ಯಾನೇಜರ್ ಮೇಜಿನ ಮೇಲೂ ಇದೆ, ಹೊರಗೆ ಮಾತ್ರ ಬರುವುದಿಲ್ಲ.

ಪಾರ್ಕಿಂಗ್ ಬಗ್ಗೆ ನನ್ನ ಹಟ ಸ್ವಲ್ಪ ಜಾಸ್ತಿಯೇ. ಕ್ಯಾಲಿಫೋರ್ನಿಯಾದಲ್ಲಿ ಪಾರ್ಕಿಂಗ್ ಸಂಶೋಧಕ ಡೊನಾಲ್ಡ್ ಶೂಪ್ ಎಂಟು ಕಂಪನಿಗಳನ್ನು ಅಧ್ಯಯನ ಮಾಡಿದ್ದರು. ಉಚಿತ ಪಾರ್ಕಿಂಗ್ ಬೇಡ ಎಂದವರಿಗೆ ಅದರ ಬೆಲೆಯನ್ನು ನಗದಾಗಿ ಕೊಟ್ಟಾಗ ಒಂಟಿಯಾಗಿ ಕಾರಿನಲ್ಲಿ ಬರುವವರು 76%ನಿಂದ 63%ಕ್ಕೆ ಇಳಿದರು. ಇಲ್ಲಿ ಕಾರು ತರುವವರಿಗೆ ಬೇಸ್‌ಮೆಂಟಿನ ಜಾಗ ಪುಕ್ಕಟೆ ಕೊಟ್ಟು, ಮೆಟ್ರೊದಲ್ಲಿ ಬರುವವರಿಗೆ ಟೋಟ್ ಬ್ಯಾಗ್ ಕೊಡುವ ಕಂಪನಿಗಳಿವೆ.

ಎಣಿಸುವ ಹೊಣೆ ಯಾರದ್ದು ಎಂಬುದಕ್ಕೆ ಹೊಸ ಸಂಸ್ಥೆ ಹುಟ್ಟಬೇಕಿಲ್ಲ. ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲೇ ಆಗಿದೆ; ನಗರ ಭೂ ಸಾರಿಗೆ ನಿರ್ದೇಶನಾಲಯಕ್ಕೆ (ಡಲ್ಟ್) ಸಮೀಕ್ಷೆ ಮಾಡಿ ಅನುಭವವಿದೆ; ರಿಂಗ್ ರೋಡಿನ ಕಂಪನಿಗಳಿಗೆ ತಮ್ಮದೇ ಸಂಘವಿದೆ. ಹೋಲಿಸಿ ನೋಡಲು ಮೆಟ್ರೊ ಇನ್ನೂ ತಲುಪದ ಒಂದು ರಸ್ತೆಯೂ ಬೇಕು. ರಿಂಗ್ ರೋಡಿನದೇ ಪಶ್ಚಿಮ ಭಾಗ, ನಾಯಂಡಹಳ್ಳಿಯಿಂದ ಸುಮನಹಳ್ಳಿ ಕಡೆಗಿನದು, ಸದ್ಯಕ್ಕೆ ಅದಕ್ಕೆ ಹೊಂದುತ್ತದೆ. ಆದರೆ 2024ರಲ್ಲಿ ಒಪ್ಪಿಗೆ ಸಿಕ್ಕ ಮೂರನೇ ಹಂತದ ಮಾರ್ಗ ಹಾದುಹೋಗುವುದೂ ಅಲ್ಲಿಯೇ. ಅಲ್ಲಿ ಬ್ಯಾರಿಕೇಡ್ ಬಿದ್ದ ದಿನ ಹೋಲಿಕೆಗೆ ಇರುವ ಆ ರಸ್ತೆಯೂ ಕೈತಪ್ಪುತ್ತದೆ.